ತಾಜಾಗುಲಳ ಬೀಗ ಹಾಕಿದ ಸಾಲು

ತಾಜಾಗುಲಳಿಗೆ ಲಾರಿ ಓಡಿಸುವ ಹುಚ್ಚು. ನಿಜವಾದ ಲಾರಿಯನ್ನು ಅವಳು ಜೀವಮಾನದಲ್ಲಿ ಮುಟ್ಟಿದವಳಲ್ಲ. ಮಧ್ಯಾಹ್ನ ತನ್ನ ಗೇಮ್ ಕ್ಲಬ್ಬಿನ ಹಾಲ್ ಖಾಲಿಯಾಗುವ ಹೊತ್ತು ನೋಡಿಕೊಂಡು, ಬಾಗಿಲ ಪಕ್ಕದ ತನ್ನ ಕಂಪ್ಯೂಟರಿನ ಮುಂದೆ ಹಾಲು ಬೆರೆಸಿದ ಚಹಾದ ಬಟ್ಟಲಿಟ್ಟುಕೊಂಡು, ಮೇಜಿನ ಅಂಚಿಗೆ ಬಿಗಿದ ಪ್ಲಾಸ್ಟಿಕ್ ಸ್ಟೀರಿಂಗ್ ಹಿಡಿದು ಕೂತಳೆಂದರೆ, ಯಾವುದೋ ದೇಶದ ಹೆದ್ದಾರಿಯಲ್ಲಿ ಅವಳ ಲಾರಿ ಹೊರಟಿತೆಂದೇ ಅರ್ಥ. ಆಗ ಯಾರಾದರೂ ಆಡಲು ಬಂದರೆ ರಸ್ತೆಯಿಂದ ಕಣ್ಣು ತೆಗೆಯದೆಯೇ ಖಾಲಿ ಕುರ್ಚಿಯ ಕಡೆ ಕೈ ತೋರಿಸುವಳು. ಬೆಟ್ಟಗಳ ನಡುವಿನ ನಾರಿನ್ ಪಟ್ಟಣದ ಎಳೆಯರಿಗೆಲ್ಲ ಅವಳು ಅಪಾ. ಅಲ್ಲಿ ಅಮ್ಮನಿಗೂ ಅಪಾ ಅನ್ನುತ್ತಾರೆ, ಅಜ್ಜಿಗೂ ಅನ್ನುತ್ತಾರೆ. ಅರವತ್ತರ ಹತ್ತಿರ ಬಂದಿದ್ದ ಅವಳಿಗೆ ಎರಡೂ ಒಪ್ಪುತ್ತಿತ್ತು.

ಹುಡುಗಿಯಾಗಿದ್ದಾಗ ಅವಳು ಇದೇ ಕಟ್ಟಡದ ಮಹಡಿಯ ಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೋರ್ಡಿನ ತೂತುಗಳಿಗೆ ತಂತಿ ಚುಚ್ಚಿ, ಕುರಿ ಕಾಯುವವರನ್ನು ರಾಜಧಾನಿಯ ಮಂತ್ರಿಗಳಿಗೆ ಜೋಡಿಸಿಕೊಡುತ್ತಿದ್ದಳು. ಆಮೇಲೆ ಸೋವಿಯತ್ ದೇಶ ಹೋಯಿತು, ಬೋರ್ಡು ಹೋಯಿತು, ಹೆಂಗಸರನ್ನೆಲ್ಲ ಮನೆಗೆ ಕಳಿಸಿದರು. ತಾಜಾಗುಲ್ ಮನೆಗೆ ಹೋಗಲಿಲ್ಲ. ಗಂಡನ ಜೊತೆ ಸೇರಿ ಕೆಳಗಿನ ಹಾಲನ್ನು ಬಾಡಿಗೆಗೆ ಹಿಡಿದಳು. ಮೊದಲು ರಷ್ಯಾಕ್ಕೆ ದುಡಿಯಲು ಹೋದ ಮಕ್ಕಳಿಗೆ ಫೋನ್ ಮಾಡುವವರ ಬೂತು, ಆಮೇಲೆ ಇಂಟರ್ನೆಟ್ ಅಂಗಡಿ, ಕೊನೆಗೆ ಗೇಮ್ ಆಡುವವರ ಕ್ಲಬ್. ಬಾಗಿಲ ಮೇಲಿನ ಹಳೆಯ ಬೋರ್ಡನ್ನು ಮಾತ್ರ ತೆಗೆಸಲಿಲ್ಲ. ಅದರಲ್ಲಿ 'ಬಾಯ್ಲಾನಿಶ್' ಎಂದಿತ್ತು, ಸಂಪರ್ಕ ಅಂತ ಅದರರ್ಥ. ಕ್ಲಬ್ಬಿಗೂ ಅದೇ ಹೆಸರಾಯಿತು.

ಗಂಡ ತೀರಿಕೊಂಡ ಮೇಲೆ ಕಂಪ್ಯೂಟರುಗಳ ಉಸ್ತುವಾರಿ ಮೈದುನನ ಪಾಲಿಗೆ ಬಂತು. ಅವನ ಹೆಸರು ಶೆರಾಲಿ, ಪಟ್ಟಣದ ಟೆಕ್ನಿಕಲ್ ಕಾಲೇಜಿನಲ್ಲಿ ಮೇಷ್ಟ್ರು. ಅವನ ಹೆಸರನ್ನು ತಾಜಾಗುಲ್ ಬಾಯಲ್ಲಿ ಹೇಳುವಂತಿರಲಿಲ್ಲ. ಗಂಡನ ಕಡೆಯವರನ್ನು ಸೊಸೆಯಂದಿರು ಹೆಸರು ಹಿಡಿದು ಕರೆಯುವುದು ಆ ಸೀಮೆಯಲ್ಲಿ ಇಲ್ಲ. ಮದುವೆಯಾಗಿ ಬಂದಾಗ ಅವನು ಮೂಗು ಸುರಿಸಿಕೊಂಡು ತಿರುಗುತ್ತಿದ್ದ. 'ಚಿಕ್ಕೋನು' ಅಂತ ಕರೆದಳು. ಈಗ ಅವನಿಗೆ ಐವತ್ತು, ಹೊಟ್ಟೆ ಬಂದಿದೆ, ಮೀಸೆ ನೆರೆತಿದೆ, ಇನ್ನೂ ಚಿಕ್ಕೋನೇ. ಅವನು ಅವಳನ್ನು ಅತ್ತಿಗೆಗೆ ಸಲ್ಲುವಂತೆ 'ಜೆಂಗೆ' ಅನ್ನುತ್ತಿದ್ದ. ಇಡೀ ಕಾಲೇಜು ಹೆದರುವ ಮೇಷ್ಟ್ರನ್ನು ಹಾಲಿನಲ್ಲಿ ಅವಳು ಚಿಕ್ಕೋನು ಎಂದು ಕರೆಯುವುದು ಕೇಳಿ ಅವನ ವಿದ್ಯಾರ್ಥಿಗಳು ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದರು.

ಕಂಪ್ಯೂಟರನ್ನು ನಡೆಸುವ, ದುಡ್ಡು ಕೊಟ್ಟು ಕೊಳ್ಳುವ ಸಿಸ್ಟಮ್ಮಿನ ಹೊಸ ಆವೃತ್ತಿ ಈ ಮುದಿ ಕಂಪ್ಯೂಟರುಗಳಲ್ಲಿ ಕೂರುವುದಿಲ್ಲ ಅಂತಾದಾಗ, ಎಲ್ಲದರಲ್ಲೂ ಲಿನಕ್ಸ್ ಹಾಕಿಕೊಟ್ಟವನು ಶೆರಾಲಿಯೇ. ಬಿಟ್ಟಿ ಸಿಗುವ ಸಿಸ್ಟಮ್, ಒಳಗಿನದ್ದೆಲ್ಲ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಬೇರೆ ಸಿಸ್ಟಮ್ಮಿಗೆಂದು ಬರೆದ ಆಟಗಳನ್ನೂ ಅದರಲ್ಲಿ ಓಡಿಸುವ ದಾರಿ ಈಚೆಗೆ ಬಂದಿತ್ತು. ಮೋಸಗಾರರನ್ನು ಹಿಡಿಯಲು ಕಾವಲು ಇಟ್ಟುಕೊಂಡ ಕೆಲವು ಆಟಗಳು ಮಾತ್ರ ಲಿನಕ್ಸನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಆ ಆಟಗಳ ಹುಚ್ಚಿನವರು ಬಜಾರಿನ ಪಕ್ಕದಲ್ಲಿ ತೆರೆದಿದ್ದ, ಬಣ್ಣದ ದೀಪಗಳು ಮಿಣುಗುವ ಹೊಸ ಕ್ಲಬ್ಬಿಗೆ ಹೋದರು. ಉಳಿದವರು ಬಾಯ್ಲಾನಿಶ್ ಬಿಡಲಿಲ್ಲ. ಶೆರಾಲಿ ಒಂದೊಂದು ಕಂಪ್ಯೂಟರನ್ನೂ ಕುದುರೆ ಪಳಗಿಸುವವನ ಹಾಗೆ ಪಳಗಿಸಿದ್ದ. ಇದಕ್ಕೆ ಸೌಂಡ್ ಸರಿಯಿಲ್ಲವೇ, ಅಲ್ಲೊಂದು ಸಾಲು ತಿದ್ದು. ಅದು ನಿಧಾನವೇ, ಇಲ್ಲೊಂದು ಫೈಲು ಬದಲಿಸು. ತಾಜಾಗುಲಳ ಹಳೇ ಸ್ಟೀರಿಂಗಿಗೆ ಯಾರೂ ಸಾಫ್ಟ್‌ವೇರ್ ಕೊಡುತ್ತಿರಲಿಲ್ಲ. ಎಲ್ಲಿಂದಲೋ ಹುಡುಕಿ ತಂದು, ಕೂತು ಹೊಂದಿಸಿ, ಅವಳ ಲಾರಿ ಹೊರಡುವ ಹಾಗೆ ಮಾಡಿಕೊಟ್ಟಿದ್ದ. ಅದನ್ನು ಅವಳು ಎಲ್ಲರಿಗೂ ಹೇಳಿಕೊಂಡು ಹೆಮ್ಮೆಪಡುತ್ತಿದ್ದಳು.

ತೊಂದರೆ ಒಂದೇ. ಕಾಲೇಜಿಗೆ ರಜೆ ಬಂದಕೂಡಲೇ ಶೆರಾಲಿ ಕುರಿಮಂದೆ ಹೊಡೆದುಕೊಂಡು ಸೊನ್‌ಕುಲ್ ಸರೋವರದ ದಂಡೆಯ ಮೇಲಿನ ಜಾಯ್ಲೂಗೆ, ಬೇಸಿಗೆಯ ಹುಲ್ಲುಗಾವಲಿಗೆ, ಹೋಗಿಬಿಡುತ್ತಿದ್ದ. ಅಲ್ಲಿ ಫೋನ್ ಹಿಡಿಯುವುದು ಒಂದೇ ಒಂದು ಗುಡ್ಡದ ನೆತ್ತಿಯ ಮೇಲೆ, ಅದೂ ಮೋಡವಿಲ್ಲದ ದಿನ.

ಬಾಯ್ಲಾನಿಶ್‌ನಲ್ಲಿ ಐವರ ಒಂದು ತಂಡ ಬೆಳೆದಿತ್ತು. ಐವರು ಐವರ ಎದುರು ನಿಂತು ಕೋಟೆ ಕೆಡವುವ ಆಟ. ತಂಡದ ನಾಯಕಿ ಕೆರೆಮೆತ್. ನದಿ ದಂಡೆಯ ಬೇಕರಿಯಲ್ಲಿ ತಂದೂರಿಗೆ ಬಗ್ಗಿ ರೊಟ್ಟಿ ಅಂಟಿಸುವ ಹೆಣ್ಣು, ಮೊಣಕೈ ತನಕ ಸುಟ್ಟ ಕಲೆಗಳು, ಮಾತು ಕಡಿಮೆ. ಆಡಲು ಕೂತರೆ ಮಾತ್ರ ಗಂಟಲು ಎಲ್ಲಿಂದ ಬರುತ್ತಿತ್ತೋ, ನಾಲ್ಕೂ ಜನರನ್ನು ಕುರಿ ಅಟ್ಟಿದ ಹಾಗೆ ಅಟ್ಟುತ್ತಿದ್ದಳು. ಆ ವರ್ಷ ದೇಶದ ಪಂದ್ಯಾವಳಿಗೆ ನಾರಿನ್ ಸೀಮೆಯಿಂದ ಅವರ ಹೆಸರು ಹೋಯಿತು. ಅರ್ಹತಾ ಪಂದ್ಯವನ್ನು ಅವರವರ ಊರಿನ ಕ್ಲಬ್ಬಿನಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಆಡುವುದು. ಎದುರಾಳಿ ಓಶ್ ನಗರದ ತಂಡ.

ಪಂದ್ಯ ಬಂದದ್ದು ನಡುಬೇಸಿಗೆಯಲ್ಲಿ. ಪಂದ್ಯದ ದಿನ ಬೆಳಿಗ್ಗೆ ಕಂಪ್ಯೂಟರುಗಳಲ್ಲಿ ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟು ಕಣ್ಣು ಮಿಟುಕಿಸಿತು. ಹೋಯಿತು, ಬಂತು, ಅಷ್ಟೇ. ಆದರೆ ಅಷ್ಟರೊಳಗೆ ಒಳಗಿನ ಫೈಲುಗಳಲ್ಲಿ ಅರ್ಧ ಹೊಸತು, ಅರ್ಧ ಹಳತು ಆಗಿಹೋಗಿತ್ತು. ಕಂಪ್ಯೂಟರುಗಳು ಮತ್ತೆ ಎದ್ದಾಗ ಪರದೆಗಳೆಲ್ಲ ಕಪ್ಪು. ಮೇಲೆ ಎಡಗಡೆ ಒಂದು ಗೆರೆ ಮಿಟುಕುತ್ತಿತ್ತು, ಅದು ಬಿಟ್ಟು ಏನಿಲ್ಲ. ತಾಜಾಗುಲ್ ಶೆರಾಲಿಗೆ ಫೋನ್ ಹಚ್ಚಿದಳು. ಗುಡ್ಡದ ಮೇಲೆ ಯಾರೂ ಇರಲಿಲ್ಲ. ಅವನ ವಿದ್ಯಾರ್ಥಿಗಳನ್ನು ಕರೆಸಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಏನೇನೋ ಒತ್ತಿದರು. ಶೆರಾಲಿ ಎಲ್ಲೆಲ್ಲಿ ಏನೇನು ತಿದ್ದಿದ್ದಾನೆಂಬುದು ಶೆರಾಲಿಗೊಬ್ಬನಿಗೇ ಗೊತ್ತು. ಬಜಾರಿನ ಕ್ಲಬ್ಬಿಗೆ ಓಡಿದರೆ ಅಲ್ಲಿ ಜಾಗವಿಲ್ಲ ಅಂದರು, ಅನ್ನುವಾಗ ನಕ್ಕರು. ಹೊತ್ತು ಮೀರಿತು. ಆಡದೆಯೇ ಸೋತರು.

ಕೆರೆಮೆತ್ ಅಳಲಿಲ್ಲ. ಎದ್ದು ಕುರ್ಚಿ ಒಳಗೆ ತಳ್ಳಿ ಬೇಕರಿಗೆ ಹೋದಳು. ತಾಜಾಗುಲಳಿಗೆ ಅದೇ ಹೆಚ್ಚು ಉರಿಯಿತು. ರಾತ್ರಿಯೆಲ್ಲ ಕೂತು ವಿದ್ಯಾರ್ಥಿಗಳು ಕಂಪ್ಯೂಟರುಗಳನ್ನು ಹೇಗೋ ಎಬ್ಬಿಸಿದರು, ಆದರೂ ಎರಡು ದಿನ ಅವಳು ಲಾರಿ ಹತ್ತಲಿಲ್ಲ.

ಮೂರನೇ ದಿನ ಕೆರೆಮೆತ್ ತಾನಾಗಿ ಬಂದಳು. ಅಲ್ಮಾಟಿಯಲ್ಲಿರುವ ಗೆಳತಿಯ ಹತ್ತಿರ ಅಂಗೈಯಲ್ಲಿ ಹಿಡಿದು ಆಡುವ ಯಂತ್ರವೊಂದಿದೆ, ಅದರಲ್ಲೂ ಲಿನಕ್ಸೇ, ಆದರೆ ಬೇರೆ ಬಗೆಯದು, ಅಂಥದ್ದು ದೊಡ್ಡ ಕಂಪ್ಯೂಟರಿಗೂ ಸಿಗುತ್ತದೆ ಎಂದಳು.

"ಅದರಲ್ಲಿ ಸಿಸ್ಟಮ್ಮಿನ ಒಳಗಡೆ ಯಾರೂ ಕೈ ಹಾಕೋಕಾಗಲ್ಲ, ಅಪಾ," ಎಂದಳು. "ನೋಡ್ಬಹುದು, ತಿದ್ದಂಗಿಲ್ಲ. ಬೀಗ. ಅಪ್‌ಡೇಟ್ ಬಂದ್ರೆ ಇರೋದನ್ನ ಮುಟ್ಟೋದೇ ಇಲ್ಲ. ಪಕ್ಕದಲ್ಲಿ ಇಡೀ ಹೊಸದೊಂದು ತಂದಿಡತ್ತೆ. ಮುಂದಿನ ಸಲ ಆನ್ ಮಾಡ್ದಾಗ ಹೊಸದು ಏಳತ್ತೆ. ಅದು ಕೈ ಕೊಡ್ತಾ, ಹಳೇದು ಹಂಗೇ ಕೂತಿರತ್ತೆ, ಅದನ್ನೇ ಎಬ್ಬಿಸ್ಕೋಬಹುದು."

"ನಡುವೆ ಕರೆಂಟ್ ಹೋದ್ರೆ?"

"ಹೊಸದು ಅರ್ಧಕ್ಕೆ ನಿಲ್ಲತ್ತೆ. ಹಳೇದಕ್ಕೇನಾಗಲ್ಲ."

ತಾಜಾಗುಲಳಿಗೆ ತಟ್ಟನೆ ಮಹಡಿಯ ಮೇಲಿನ ಆ ಬೇಸಿಗೆ ನೆನಪಾಯಿತು. ಎಕ್ಸ್‌ಚೇಂಜಿಗೆ ಹೊಸ ಬೋರ್ಡು ಬಂದಾಗ ಎಂಜಿನಿಯರುಗಳು ಹಳೆಯದನ್ನು ಕಳಚಿರಲಿಲ್ಲ. ಪಕ್ಕದ ಕೋಣೆಯಲ್ಲಿ ಹೊಸದನ್ನು ಪೂರ್ತಿ ಕಟ್ಟಿ ನಿಲ್ಲಿಸಿ, ಒಂದು ಬೆಳಿಗ್ಗೆ ತಂತಿಗಳನ್ನು ಅತ್ತ ಹಾಕಿದರು. ಹೊಸದು ಕೆಮ್ಮಿತು, ತಂತಿಗಳನ್ನು ಇತ್ತ ತಂದರು. ಊರಿಗೆ ಗೊತ್ತೇ ಆಗಲಿಲ್ಲ. ಹಾಗೆ ಮಾಡುವುದು ಬುದ್ಧಿವಂತರ ಕೆಲಸ ಅಂತ ಆಗಲೇ ಅವಳಿಗೆ ಅನಿಸಿತ್ತು.

ಹಾಲಿನಲ್ಲಿ ಎರಡು ಸಾಲು, ಕಿಟಕಿ ಸಾಲು ಮತ್ತು ಗೋಡೆ ಸಾಲು. ತನ್ನ ಕಂಪ್ಯೂಟರನ್ನೂ ಸೇರಿಸಿಕೊಂಡು ಗೋಡೆ ಸಾಲಿಗೆಲ್ಲ ಬೀಗದ ಸಿಸ್ಟಮ್ ಹಾಕುವುದು, ಕಿಟಕಿ ಸಾಲನ್ನು ಶೆರಾಲಿ ಬಿಟ್ಟುಹೋದ ಹಾಗೇ ಇಡುವುದು, ಯಾವುದು ಬಾಳುತ್ತದೋ ನೋಡುವುದು ಅಂತ ತೀರ್ಮಾನವಾಯಿತು. ಕೆರೆಮೆತ್ ಬೇಕರಿ ಮುಗಿಸಿ ಬರುವಳು, ಇಬ್ಬರೂ ಕೂತು ರಷ್ಯನ್ನಿನಲ್ಲಿ ಬರೆದಿದ್ದ ಸೂಚನೆಗಳನ್ನು ಓದಿಕೊಂಡು ಒಂದೊಂದನ್ನೇ ಮುಗಿಸುವರು. ಸುಲಭವಾಗಿಯೇ ಆಯಿತು. ಕೈಕೊಟ್ಟಿದ್ದು ಸ್ಟೀರಿಂಗ್ ಒಂದೇ. ತಿರುಗಿಸಿದರೆ ಲಾರಿ ಕದಲಲಿಲ್ಲ. ತಾಜಾಗುಲ್ ಸ್ಟೀರಿಂಗನ್ನು ಬಿಚ್ಚಿ ಮೇಜಿನ ಕೆಳಗಿಟ್ಟಳು.

ಶರತ್ಕಾಲ ಬಂತು, ಕುರಿಗಳು ಇಳಿದವು, ಶೆರಾಲಿಯೂ ಇಳಿದ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಕೈಯಲ್ಲಿ ಒಣ ಮೊಸರಿನ ಉಂಡೆಗಳ ಚೀಲ. ಚೀಲ ಅತ್ತಿಗೆಯ ಕೈಗೆ ಕೊಟ್ಟು ನೇರ ಗೋಡೆ ಸಾಲಿಗೆ ಹೋಗಿ ಕೂತ. ಎರಡು ಕ್ಷಣ ಏನೋ ಒತ್ತಿದ. ಹಾಲಿನಲ್ಲಿದ್ದವರಿಗೆಲ್ಲ ಅವನ ಕಿವಿ ಕೆಂಪಾಗುವುದು ಕಾಣಿಸಿತು.

ಅವನ ಸಿಟ್ಟು ಬರಿಯ ಸಿಟ್ಟಾಗಿರಲಿಲ್ಲ, ನೊಂದಿದ್ದ. ವರ್ಷಗಟ್ಟಲೆ ಕೂತು ಕಟ್ಟಿದ್ದನ್ನು ತಾನಿಲ್ಲದಾಗ ಒರೆಸಿಹಾಕಿದ್ದಾರೆ. ಆಗಿದ್ದು ಒಂದು ಅವಘಡ, ತಾನಿದ್ದಿದ್ದರೆ ಚಹಾ ಕುಡಿಯುವುದರೊಳಗೆ ಸರಿಯಾಗುತ್ತಿತ್ತು. ಬಿಚ್ಚಿ ನೋಡಲಾಗದ ಯಂತ್ರದಿಂದ ತನ್ನ ಹುಡುಗರು ಕಲಿಯುವುದೇನು? ಎಲ್ಲಕ್ಕೂ ಬೀಗ ಜಡಿದು ಕೂರುವುದಿದ್ದರೆ ಲಿನಕ್ಸ್ ಯಾಕೆ ಬೇಕಿತ್ತು? ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಾಜಾಗುಲ್ ಎಲ್ಲವನ್ನೂ ಕೇಳಿಸಿಕೊಂಡಳು.

"ನೀನಿದ್ರೆ ಸರಿಹೋಗ್ತಿತ್ತು, ಅದು ನಂಗೂ ಗೊತ್ತು ಚಿಕ್ಕೋನೇ," ಎಂದಳು. "ನೀನಿಲ್ದಿದ್ದಾಗ ನಾವೇನ್ ಮಾಡ್ಬೇಕು ಅಂತ ಹೇಳು."

ಅವನು ಕುರ್ಚಿಯಿಂದ ಎದ್ದ. ಗೋಡೆ ಸಾಲಿನ ಕಡೆ ಕೈ ಮಾಡಿ, "ಇದೇನೂ ಕೆಡದ ಮಾಯೆ ಅಂದ್ಕೊಂಡಿದೀರಾ ಜೆಂಗೆ? ಒಂದು ಮಧ್ಯಾಹ್ನ ಕೊಡಿ, ಕೆಡಿಸಿ ತೋರಿಸ್ತೀನಿ," ಎಂದ.

"ಕೆಡಿಸು. ನೀನು ಕೆಡಿಸಿ, ನನ್ನ ಕೈಲಿ ಎಬ್ಬಿಸೋಕಾಗದಿದ್ರೆ, ಗೋಡೆ ಸಾಲಿಗೂ ನಿಂದನ್ನೇ ಹಾಕ್ಕೋ. ಎಬ್ಬಿಸಿದ್ರೆ ಹಾಲಿನಲ್ಲಿದ್ದವರಿಗೆಲ್ಲ ಕುವುರ್ದಾಕ್ ಹುರಿದು ಬಡಿಸ್ಬೇಕು. ಮಾಂಸ ನಿಂದೇ ಮಂದೆಯದ್ದು."

ಭಾನುವಾರ ಮಧ್ಯಾಹ್ನ ಹಾಲ್ ತುಂಬಿತು. ಆಡಲು ಯಾರೂ ಬಂದಿರಲಿಲ್ಲ, ಎಲ್ಲರೂ ನೋಡಲು ಬಂದವರು. ಶೆರಾಲಿಯ ವಿದ್ಯಾರ್ಥಿಗಳೆಲ್ಲ ಕಿಟಕಿ ಸಾಲಿನಲ್ಲಿ, ಕೆರೆಮೆತ್‌ಳ ತಂಡ ಗೋಡೆಗೊರಗಿಕೊಂಡು. ಶೆರಾಲಿ ತೋಳು ಮಡಚಿ ಕೂತ. ಮೊದಲು ಸಿಸ್ಟಮ್ಮಿನ ಫೈಲುಗಳನ್ನು ಅಳಿಸಲು ಹೋದ. ಇದು ಓದಲಿಕ್ಕೆ ಮಾತ್ರ, ತಿದ್ದಲಿಕ್ಕಲ್ಲ ಅಂತ ಯಂತ್ರ ಹೇಳಿತು. ಪಾಸ್‌ವರ್ಡ್ ಕೊಟ್ಟು ಮತ್ತೆ ಹೋದ. ಅದೇ ಉತ್ತರ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವನು ತಿರುಗಿ ನೋಡಲಿಲ್ಲ. ಅವನೇನು ಸುಮ್ಮನೆ ಮೇಷ್ಟ್ರಾದವನೇ? ಸ್ವಲ್ಪ ಹೊತ್ತು ಓದಿಕೊಂಡು ಹಿಂಬಾಗಿಲು ಹುಡುಕಿಯೇಬಿಟ್ಟ. ಯಂತ್ರದ ಯಜಮಾನನ ಅಪ್ಪಣೆಯಿದ್ದರೆ ಸಿಸ್ಟಮ್ಮಿನ ಒಂದು ಭಾಗದ ಜಾಗಕ್ಕೆ ತನಗೆ ಬೇಕಾದ್ದನ್ನು ಕೂರಿಸುವ ದಾರಿಯಿತ್ತು. ಗ್ರಾಫಿಕ್ಸ್ ಕಾರ್ಡಿನ ಸಾಫ್ಟ್‌ವೇರ್ ತೆಗೆದು ಹೊಂದದ್ದೊಂದನ್ನು ಅಲ್ಲಿ ತುರುಕಿ, ಆಫ್ ಮಾಡಿ ಆನ್ ಮಾಡಿದ.

ಪರದೆ ಕಪ್ಪಾಯಿತು. ಮೇಲೆ ಎಡಗಡೆ ಗೆರೆ ಮಿಟುಕಿತು.

ಕಿಟಕಿ ಸಾಲಿನವರು ಮೇಜು ಬಡಿದರು. ಶೆರಾಲಿ ಕುರ್ಚಿ ಹಿಂದೆ ಸರಿಸಿ ಅತ್ತಿಗೆಗೆ ಜಾಗ ಬಿಟ್ಟ. ತಾಜಾಗುಲ್ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಬಂದು ನಿಂತಳು, ಕೂರಲಿಲ್ಲ. ಪವರ್ ಗುಂಡಿ ಒತ್ತಿ ಹಿಡಿದಳು, ಬಿಟ್ಟಳು, ಮತ್ತೆ ಒತ್ತಿದಳು. ಯಂತ್ರ ಏಳುವ ಮೊದಲು ಪರದೆಯ ಮೇಲೆ ಎರಡು ಸಾಲು ಬಂದವು, ಮೊದಲನೆಯದು ಇವತ್ತಿನದು, ಎರಡನೆಯದು ಅದರ ಹಿಂದಿನದು. ಬಾಣದ ಗುಂಡಿ ಒಂದು ಸಲ ಒತ್ತಿ ಎರಡನೆಯದಕ್ಕೆ ಇಳಿದಳು. ಹಿಂದಿದ್ದವರು ಕುರ್ಚಿ ಹತ್ತಿ ನಿಂತು ಇಣುಕಿದರು. ಗೇಮಿನ ಚಿತ್ರಗಳ ಸಮೇತ ಪರದೆ ಬೆಳಗಿತು. ಕೆರೆಮೆತ್ ಮುಂದೆ ಬಗ್ಗಿ ಆಟ ತೆರೆದಳು. ಕೋಟೆ, ಕಾಡು, ನದಿ, ಎಲ್ಲ ಇದ್ದಲ್ಲೇ ಇದ್ದವು.

ಶೆರಾಲಿ ಬಗ್ಗಿ ಆ ಪರದೆಯನ್ನೇ ನೋಡಿದ. ಅವನಿಗೆ ಅವಮಾನವಾಯಿತು ಅಂತ ಎಲ್ಲರೂ ಅಂದುಕೊಂಡರು. ಅವನು ಮೀಸೆ ತಿಕ್ಕಿಕೊಂಡು, "ಇನ್ನೊಂದ್ಸಲ," ಎಂದ. ಅಪ್‌ಡೇಟ್ ನಡೆಯುತ್ತಿರುವಾಗಲೇ ಗೋಡೆಯ ಪ್ಲಗ್ ಕಿತ್ತ. ಮತ್ತೆ ಹಾಕಿದಾಗ ಯಂತ್ರ ಏನೂ ಆಗಿಲ್ಲವೆಂಬಂತೆ ಎದ್ದಿತು. ಮೂರನೆಯ ಸಲ ಇನ್ನೇನೋ ಮಾಡಿದ. ಸಂಜೆಯಾಗುವ ಹೊತ್ತಿಗೆ ಅವನ ಮುಖದಲ್ಲಿದ್ದದ್ದು ಸೋಲಾಗಿರಲಿಲ್ಲ, ಹೊಸ ಕುದುರೆ ಕಂಡವನ ಕಳೆ.

ಕುವುರ್ದಾಕ್ ಮಾರನೆಯ ದಿನವೇ ಆಯಿತು. ಹಾಲಿನ ಹಿಂದಿನ ಅಂಗಳದಲ್ಲಿ ಕಬ್ಬಿಣದ ಬಾಣಲೆಯಿಟ್ಟು ಶೆರಾಲಿ ಕುರಿಮಾಂಸ, ಆಲೂಗೆಡ್ಡೆ ಹುರಿದ. ಉಪ್ಪು ನೋಡಿಸಲು ಅತ್ತಿಗೆಯ ಹತ್ತಿರ ಬಂದಾಗ ಅವಳು ಲಾರಿ ಓಡಿಸುತ್ತಿದ್ದಳು, ಕೀಲಿಮಣೆಯಲ್ಲಿ. ಟಕ್ ಟಕ್ ಎಂದು ಎಡ, ಟಕ್ ಟಕ್ ಎಂದು ಬಲ.

"ಇದೇನ್ ಜೆಂಗೆ, ಲಾರಿನ ಟೈಪ್ ಮಾಡ್ತಿದೀರಿ?"

ಅವಳು ಮರೆಮಾಚಲಿಲ್ಲ. ಬೀಗದ ಸಿಸ್ಟಮ್ಮಿನಲ್ಲಿ ಸ್ಟೀರಿಂಗ್ ತಿರುಗುವುದಿಲ್ಲ, ಇದ್ದ ಸುಖದಲ್ಲಿ ಅದೊಂದನ್ನು ಬಿಟ್ಟುಕೊಟ್ಟೆ ಎಂದಳು. ಶೆರಾಲಿ ಸೌಟು ಹಿಡಿದೇ ನಿಂತ. ಸ್ಟೀರಿಂಗಿನ ಸಾಫ್ಟ್‌ವೇರ್ ಕೂರಬೇಕಾದ್ದು ಸಿಸ್ಟಮ್ಮಿನ ತೀರಾ ಒಳಗೆ, ಬೀಗ ಬಿದ್ದಿರುವುದೂ ಅಲ್ಲಿಗೇ. ತೆರೆದ ಸಿಸ್ಟಮ್ಮಿನಲ್ಲಾದರೆ ತಾನು ಕೈ ಹಾಕಿ ಕೂರಿಸಿದ್ದ. ಹಿಂಬಾಗಿಲಿನಿಂದ ತುರುಕಿದರೆ ಪ್ರತಿ ಅಪ್‌ಡೇಟಿಗೂ ಕೈ ಕೊಡುತ್ತದೆ. ಈಗ ಹೇಗೆ? ಬಾಣಲೆಯ ಮಾಂಸ ಸೀಯುವ ವಾಸನೆ ಬಂತು, ಕೆರೆಮೆತ್ ಓಡಿಹೋಗಿ ಕೆದಕಿದಳು. ಅವನು ಅಲ್ಲೇ ನಿಂತಿದ್ದ.

"ಇದು ಎಲ್ಲಿಂದಲೋ ಇಡಿಯಾಗಿ ಬೆಂದೇ ಬರತ್ತಲ್ಲ," ಎಂದ ಕೊನೆಗೆ, ತನಗೆ ತಾನೇ ಹೇಳಿಕೊಂಡ ಹಾಗೆ. "ಬಂದ ಮೇಲೆ ತಿದ್ದಂಗಿಲ್ಲ ಅಂದ್ರೆ, ಬೇಯಿಸುವಾಗಲೇ ಹಾಕಿದ್ರಾಯ್ತಲ್ಲ."

"ರೊಟ್ಟಿಗೆ ಉಪ್ಪು ಯಾವಾಗ ಹಾಕ್ತಾರೆ ಅಂತ ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ದೆ, ಮೇಷ್ಟ್ರೇ," ಎಂದಳು ಕೆರೆಮೆತ್ ಅಂಗಳದಿಂದ.

ಆ ಚಳಿಗಾಲವೆಲ್ಲ ಶೆರಾಲಿ ಅದರಲ್ಲೇ ಮುಳುಗಿದ. ಬೀಗದ ಸಿಸ್ಟಮ್ಮುಗಳನ್ನು ಕಟ್ಟುವವರು ತಾವು ಕಟ್ಟುವ ವಿಧಾನವನ್ನೇ ಬಿಚ್ಚಿಟ್ಟಿದ್ದರು. ಅವರದ್ದನ್ನು ತಳವಾಗಿ ಇಟ್ಟುಕೊಂಡು ಮೇಲೆ ತನಗೆ ಬೇಕಾದ್ದನ್ನು ಸೇರಿಸಿ ಇಡೀ ಸಿಸ್ಟಮ್ಮನ್ನು ಒಂದೇ ಕಡೆ ಕಟ್ಟುವುದು, ಕಟ್ಟಿದ್ದನ್ನು ಹಾಲಿನ ಯಂತ್ರಗಳೆಲ್ಲ ತಾವಾಗಿ ಇಳಿಸಿಕೊಳ್ಳುವುದು. ಹೊರಗೆ ನದಿ ಹೆಪ್ಪುಗಟ್ಟಿ ಬಿಳಿಯಾಗಿತ್ತು. ಹಾಲಿನ ಒಲೆಯ ಪಕ್ಕ ಶೆರಾಲಿ ಮತ್ತವನ ವಿದ್ಯಾರ್ಥಿಗಳು ಕಟ್ಟುವುದು, ಅದು ಕೆಡುವುದು, ಮತ್ತೆ ಕಟ್ಟುವುದು. ಹಿಂದೆ ಇಪ್ಪತ್ತು ಯಂತ್ರದಲ್ಲಿ ಇಪ್ಪತ್ತು ಸಲ ತಿದ್ದುತ್ತಿದ್ದದ್ದನ್ನು ಈಗ ಒಂದೇ ಕಡೆ, ಎಲ್ಲರಿಗೂ ಕಾಣುವ ಹಾಗೆ ಬರೆದಿಡಬೇಕಾಗಿತ್ತು. ಇದರಿಂದ ತನ್ನ ತಲೆಯೊಳಗಿದ್ದದ್ದೆಲ್ಲ ಹುಡುಗರಿಗೂ ಸಿಗುತ್ತಿದೆಯೆಂದು ಅವನಿಗೆ ಅರ್ಥವಾಗಿದ್ದು ಸ್ವಲ್ಪ ತಡವಾಗಿ. ಅರ್ಥವಾದ ದಿನ ಬಹಳ ಖುಷಿಯಲ್ಲಿದ್ದ.

ಮೊದಲು ಸಿದ್ಧವಾದದ್ದರಲ್ಲಿ ಸ್ಟೀರಿಂಗ್ ತಿರುಗಿತು, ಆದರೆ ತಲೆಕೆಳಗಾಗಿ. ತಾಜಾಗುಲ್ ಎಡಕ್ಕೆ ತಿರುಗಿಸಿದಳು, ಲಾರಿ ಬಲಕ್ಕೆ ಹೋಗಿ ಸೇತುವೆಯಿಂದ ನದಿಗೆ ಬಿತ್ತು. ಶೆರಾಲಿ ಬೆವರಿದ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ಮುಂದಿನ ವಾರ ಲಾರಿ ಸರಿದಾರಿಗೆ ಬಂತು. ಕಿಟಕಿ ಸಾಲಿಗೂ ಅದೇ ಸಿಸ್ಟಮ್ ಹಾಕಲು ಶೆರಾಲಿಯೇ ಹೇಳಿದ. ಮೂಲೆಯ ಮೇಜಿನ ಎರಡು ಯಂತ್ರಗಳನ್ನು ಮಾತ್ರ ಹಳೆಯ ಹಾಗೇ ತೆರೆದಿಡಬೇಕೆಂದು ಪಟ್ಟು ಹಿಡಿದ. ಅವು ಹುಡುಗರು ಬಿಚ್ಚಿ, ಕೆಡಿಸಿ ಕಲಿಯುವುದಕ್ಕೆ. ತಾಜಾಗುಲ್ ಒಪ್ಪಿದಳು. ಆಡುವ ಯಂತ್ರ ಬೇರೆ, ಕಲಿಯುವ ಯಂತ್ರ ಬೇರೆ ಅಂತ ಅವಳಿಗೂ ಅಷ್ಟರಲ್ಲಿ ಕಂಡಿತ್ತು.

ಬೇಸಿಗೆ ಬಂತು. ಶೆರಾಲಿ ಮಂದೆ ಹೊಡೆದುಕೊಂಡು ಮೇಲೆ ಹೋದ. ಹೋಗುವ ಮುನ್ನ ಕೊನೆಯದೊಂದು ಸಿಸ್ಟಮ್ ಕಟ್ಟಿ, ಪರೀಕ್ಷಿಸಲು ಪುರಸೊತ್ತಾಗದೆ ಹಾಗೇ ಇಟ್ಟಿದ್ದ. ಅರ್ಹತಾ ಪಂದ್ಯಕ್ಕೆ ಈ ಸಲವೂ ಓಶ್ ತಂಡವೇ ಎದುರಾಗಿ ಬಂತು. ಕಳೆದ ವರ್ಷ ಆಡದೆಯೇ ಗೆದ್ದವರು, ನಾರಿನ್ನಿನವರಿಗೆ ಈ ಸಲವಾದರೂ ಕರೆಂಟು ಇದೆಯೇ ಅಂತ ಕೇಳಿ ಕಳಿಸಿದರು. ಕೆರೆಮೆತ್ ತನ್ನವರನ್ನು ಕೂರಿಸಿ ಇನ್ನೊಂದು ಸುತ್ತು ಆಡಿಸಿದಳು.

ಪಂದ್ಯಕ್ಕೆ ರಾಜಧಾನಿ ಬಿಷ್ಕೆಕ್‌ನಿಂದ ಒಬ್ಬ ಮೇಲ್ವಿಚಾರಕ ಬಂದು ಹಾಲಿನ ಮೂಲೆಯಲ್ಲಿ ಕೂತಿದ್ದ. ಐವರೂ ಕೈ ಬಿಸಿ ಮಾಡಿಕೊಳ್ಳಲು ಆಟ ತೆರೆದರು. ತೆರೆದವರೇ ತಣ್ಣಗಾದರು. ಯಂತ್ರಗಳು ಹೊಸದನ್ನು ಇಳಿಸಿಕೊಳ್ಳುವುದು ತಿಂಗಳಿಗೊಮ್ಮೆ. ಶೆರಾಲಿ ಬಿಟ್ಟುಹೋಗಿದ್ದ ಹೊಸ ಸಿಸ್ಟಮ್ ಆ ಬೆಳಿಗ್ಗೆಯೇ ಎದ್ದು ಕೂತಿತ್ತು. ಅದರಲ್ಲಿ ಶತ್ರುಗಳ ಮೈಯೆಲ್ಲ ಕಪ್ಪು ಚೌಕಗಳು, ಕಾಡು ಹರಿದ ಬಟ್ಟೆಯ ಹಾಗೆ, ಒಂದು ಹೆಜ್ಜೆಗೊಮ್ಮೆ ಆಟ ತಡವರಿಸುತ್ತಿತ್ತು. ಹಿಂದೆ ನಿಂತಿದ್ದ ಜನ ಗೊಣಗಿದರು. ಮೇಲ್ವಿಚಾರಕ ಗಡಿಯಾರ ನೋಡಿದ, ತಾನು ಹೆಚ್ಚು ಕಾಯುವಂತಿಲ್ಲ ಎಂದ. ಕೆರೆಮೆತ್ ಕುರ್ಚಿ ಹಿಂದೆ ಸರಿಸಿದ್ದನ್ನು ತಾಜಾಗುಲ್ ಕಂಡಳು.

ಅವಳು ಬಾಗಿಲ ಪಕ್ಕದಿಂದ ಎದ್ದು ಬಂದಳು. ಎಕ್ಸ್‌ಚೇಂಜಿನಲ್ಲಿ ಎಲ್ಲ ದೀಪಗಳೂ ಒಟ್ಟಿಗೆ ಹತ್ತಿಕೊಂಡಾಗ ಬರುತ್ತಿದ್ದ ಗಂಟಲು ಬಂತು. ಏರಲಿಲ್ಲ, ಇಳಿಯಲಿಲ್ಲ.

"ಎಲ್ರೂ ಕೈ ತೆಗೀರಿ. ಆಫ್ ಮಾಡಿ. ಈಗ ಆನ್ ಮಾಡಿ. ಎರಡು ಸಾಲು ಬರತ್ತೆ, ಎರಡನೇದಕ್ಕೆ ಇಳೀರಿ. ಕೆರೆಮೆತ್, ನೀನೂನೂ. ಒತ್ತಿ."

ಐದು ಯಂತ್ರಗಳು ಒಟ್ಟಿಗೆ ಮಲಗಿದವು, ಒಟ್ಟಿಗೆ ಎದ್ದವು. ಆಟ ತೆರೆಯಿತು. ಕಾಡು ಹಸಿರಾಗಿತ್ತು, ಶತ್ರುಗಳಿಗೆ ಮುಖ ಮೂಡಿತ್ತು. ಮೇಲ್ವಿಚಾರಕ ಕೈಯೆತ್ತಿ ಶುರುಮಾಡಲು ಹೇಳಿದ.

ಮೊದಲ ಆಟದಲ್ಲಿ ಓಶ್‌ನವರು ಬೆನ್ನಟ್ಟಿ ಬಂದರು. ಕೆರೆಮೆತ್ ತನ್ನವರನ್ನು ಹಿಂದೆ ಹಿಂದೆ ಎಳೆದುಕೊಂಡು, ಕೋಟೆಯ ಬಾಗಿಲ ತನಕ ಬರಲು ಬಿಟ್ಟು, ಅಲ್ಲಿ ತಿರುಗಿ ಬಿದ್ದಳು. ಓಶ್‌ನ ಐವರಲ್ಲಿ ಒಬ್ಬರೂ ವಾಪಸು ಹೋಗಲಿಲ್ಲ. ಎರಡನೆಯ ಆಟದಲ್ಲಿ ಓಶ್‌ನವರಿಗೆ ಕೋಟೆಯಿಂದ ಹೊರಗೆ ಕಾಲಿಡಲೂ ಆಗಲಿಲ್ಲ. ಕೊನೆಯ ಗೋಡೆ ಬಿದ್ದಾಗ ಹಾಲಿನಲ್ಲಿ ಎದ್ದ ಕೂಗಿಗೆ ಎದುರಿನ ಔಷಧದ ಅಂಗಡಿಯವನು ಹೊರಗೆ ಓಡಿ ಬಂದ. ಕೆರೆಮೆತ್ ಹೆಡ್‌ಫೋನ್ ತೆಗೆದಿಟ್ಟು ಎದ್ದು, ಸೀದಾ ಹೋಗಿ ತಾಜಾಗುಲಳ ಭುಜದ ಮೇಲೆ ಹಣೆಯಿಟ್ಟಳು. ಹೋದ ವರ್ಷ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಈಗ ಅತ್ತಳು. ತಾಜಾಗುಲ್ ಅವಳ ಬೆನ್ನು ತಟ್ಟುತ್ತ, ಹಿಟ್ಟು ಮೆತ್ತಿದ ಆ ತಲೆಗೂದಲಿನ ಮೇಲಿಂದ ಹಾಲನ್ನೆಲ್ಲ ನೋಡಿದಳು. ಎಲ್ಲ ಪರದೆಗಳೂ ಬೆಳಗುತ್ತಿದ್ದವು.

ಅಷ್ಟರಲ್ಲಿ ಫೋನ್ ಬಂತು. ಗಾಳಿಯ ಶಬ್ದದ ನಡುವೆ ಶೆರಾಲಿ. ಬೆಳಿಗ್ಗೆಯಿಂದ ಗುಡ್ಡದ ಮೇಲೆ ಕುದುರೆ ಕಟ್ಟಿ ಕೂತಿದ್ದನಂತೆ.

"ಯಂತ್ರ ಎದ್ದುವಾ ಜೆಂಗೆ?"

"ಎದ್ದಿದ್ದು ಕೆಟ್ಟು ಎದ್ದಿತ್ತು. ನೀನು ಹೋಗೋ ಮುಂಚೆ ಕಟ್ಟಿದ್ಯಲ್ಲ, ಅದು. ಹಿಂದಿಂದನ್ನ ಎಬ್ಬಿಸಿದ್ವಿ. ಗೆದ್ವಿ."

ಅವನು ಅತ್ತ ಕುದುರೆಯ ಮೇಲೆ ಗದರಿದ್ದು ಕೇಳಿಸಿತು.

"ಹಿಂದಿಂದು ಚೆನ್ನಾಗಿತ್ತಲ್ಲ?" ಎಂದ. "ಅದನ್ನೂ ನಾನೇ ಕಟ್ಟಿದ್ದು."

"ಗೊತ್ತು ಕಣೋ, ಚಿಕ್ಕೋನೇ," ಎಂದಳು ತಾಜಾಗುಲ್.

ಮುಂದಿನ ತಿಂಗಳು ದೊಲೊನ್ ಕಣಿವೆ ದಾಟಿ ವ್ಯಾನಿನಲ್ಲಿ ಬಿಷ್ಕೆಕ್‌ಗೆ ಹೋದರು, ತಾಜಾಗುಲ್ ಡ್ರೈವರಿನ ಪಕ್ಕದ ಸೀಟಿನಲ್ಲಿ. ಅಲ್ಲಿ ಯಂತ್ರಗಳು ಬೇರೆಯವರವು, ಬಣ್ಣದ ದೀಪಗಳು, ಸಾವಿರ ಜನ. ಅಂತಿಮ ಆಟದ ತನಕ ಹೋದರು, ಗೆದ್ದರು. ಬೆಟ್ಟದ ಮೇಲಿನ ಸಣ್ಣ ಪಟ್ಟಣದ ತಂಡವೊಂದು ಗೆದ್ದವರ ಕಪ್ ಎತ್ತಿದ್ದು ಅದೇ ಮೊದಲು. ವೇದಿಕೆಯ ಮೇಲೆ ನೀವು ಯಾವ ಯಂತ್ರದಲ್ಲಿ ಅಭ್ಯಾಸ ಮಾಡಿದಿರಿ ಅಂತ ಕೇಳಿದಾಗ ಕೆರೆಮೆತ್, "ನಮ್ಮ ಅಪಾಳ ಹಾಲಿನಲ್ಲಿ, ನಮ್ಮ ಮೇಷ್ಟ್ರು ಬೇಯಿಸಿದ್ರಲ್ಲಿ," ಎಂದಳು. ಕೇಳಿದವನಿಗೆ ಅರ್ಥವಾಗಲಿಲ್ಲ. ಆದರೆ ಕೊಚ್ಕೋರ್, ಅತ್‌ಬಾಶಿ ಊರುಗಳ ಕ್ಲಬ್ಬಿನವರಿಗೆ ಅರ್ಥವಾಯಿತು. ಅವರಲ್ಲಿದ್ದದ್ದೂ ಮುದಿ ಯಂತ್ರಗಳೇ. ವಾರದೊಳಗೆ ಬಂದು ಆ ಸಿಸ್ಟಮ್ ಕೇಳಿದರು, ತಾಜಾಗುಲ್ ಕೊಟ್ಟಳು.

ಊರಿಗೆ ಬಂದವರು ಮನೆ ಸೇರುವ ಮೊದಲು ಜಾಯ್ಲೂಗೆ ಹತ್ತಿದರು. ಶೆರಾಲಿ ಕುರಿ ಕಡಿದಿದ್ದ. ಬಿಳಿ ಡೇರೆಯೊಳಗೆ ಎಲ್ಲರೂ ಸುತ್ತ ಕೂತರು. ಮಾಂಸದ ತುಂಡುಗಳನ್ನು ವಯಸ್ಸು, ಮಾನ ನೋಡಿ ಹಂಚುವಾಗ, ಹಿರಿಯ ಹೆಂಗಸಿಗೆ ಸಲ್ಲುವ ಕೊಬ್ಬಿನ ತುಂಡನ್ನು ಅವನು ಎರಡೂ ಕೈಯಲ್ಲಿ ಹಿಡಿದು ಅತ್ತಿಗೆಯ ಮುಂದಿಟ್ಟ. ಪಕ್ಕದ ಡೇರೆಯಿಂದ ಬಂದಿದ್ದ ಮುದುಕ ಕುರುಬನೊಬ್ಬ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ, ಏನು ಗೆದ್ದಿರಿ ಅಂತ ಕೇಳಿದ. ಐವರು ಐವರ ಕೋಟೆ ಕೆಡವಿದ್ದು ಎಂದಳು ಕೆರೆಮೆತ್. ಕುದುರೆ ಮೇಲೋ ಎಂದ. ಕುರ್ಚಿ ಮೇಲೆ ಎಂದಳು. ಮುದುಕ ಯೋಚಿಸಿದ. ಕೂತುಕೊಂಡು ಕೋಟೆ ಕೆಡವುವುದು ಇನ್ನೂ ಕಷ್ಟವಿರಬೇಕು ಎಂದು ಒಪ್ಪಿ, ಅಂಗೈಗಳನ್ನು ಮೇಲೆ ಮಾಡಿ ಹಿಡಿದು ಎಲ್ಲರನ್ನೂ ಹರಸಿದ. ಹರಸಿ ಮುಗಿದಾಗ, ಅಲ್ಲಿಯ ವಾಡಿಕೆಯಂತೆ, ಕೈಗಳೆಲ್ಲ ಒಟ್ಟಿಗೆ ಮುಖದ ಮೇಲಿಂದ ಇಳಿದವು. ಹೊರಗೆ ಯಾರೋ ಆಗಲೇ ಹಾಡು ಶುರುಮಾಡಿದ್ದರು.